ಉತ್ತರಕ್ಕೆಂದು ಬಿಟ್ಟ ಜಾಗದಲ್ಲಿ ಹಾಸಿಗೆಯ ಜಾಹೀರಾತು

ಗೆ,
ಪರಮ ಮುಖ್ಯಸ್ಥರು,
ಬಳಕೆದಾರರ ಸಂತೋಷ ಹಾಗೂ ವರಮಾನ ಸಮತೋಲನ ವಿಭಾಗ,
(ತಾವು ಕೂರುವ ಕಟ್ಟಡದ ವಿಳಾಸವನ್ನಾಗಲಿ, ಮನುಷ್ಯರು ಎತ್ತಿ ಮಾತಾಡುವ ದೂರವಾಣಿ ಸಂಖ್ಯೆಯನ್ನಾಗಲಿ ತಾವು ಎಲ್ಲಿಯೂ ಪ್ರಕಟಿಸದ ಕಾರಣ ಈ ಪತ್ರವನ್ನು ಲೋಕಕ್ಕೆಲ್ಲ ಕೇಳುವಂತೆ ಬರೆಯಬೇಕಾಗಿ ಬಂದಿದೆ.)

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕುಟುಂಬದವರಿಗೂ, ತಮ್ಮ ಷೇರುದಾರರಿಗೂ, ತಂಪು ಕೋಣೆಗಳಲ್ಲಿ ಹಗಲಿರುಳು ದುಡಿಯುತ್ತಿರುವ ತಮ್ಮ ಯಂತ್ರಗಳಿಗೂ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ, ತುತ್ತು ಬಾಯಿಗೆ ಹೋಗುವ ಮುನ್ನ ಯಾರೂ ಅಡ್ಡ ಬಂದು ತಮಗೆ ಹಾಸಿಗೆ ಮಾರುತ್ತಿಲ್ಲ ಎಂದು ನಂಬಿದ್ದೇನೆ. ಬಳಕೆದಾರರ ಸಂತೋಷವನ್ನೂ ಸಂಸ್ಥೆಯ ವರಮಾನವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕಠಿಣ ಕಾರ್ಯಕ್ಕೆಂದೇ ಒಂದು ವಿಭಾಗ ತೆರೆದು, ಅದರ ತಲೆಯ ಮೇಲೆ ತಮ್ಮನ್ನು ಕೂರಿಸಿರುವ ಶುಭಸಮಾಚಾರವನ್ನು ತಮ್ಮ ವಿಡಿಯೊ ತಾಣದಲ್ಲೇ ಓದಿದೆ. ಆ ತಕ್ಕಡಿಯ ಒಂದು ತಟ್ಟೆ ನೆಲಕ್ಕಂಟಿ ಕೂತಿರುವುದನ್ನು ಕಣ್ಣಾರೆ ಕಂಡ ಒಬ್ಬ ಸಾಮಾನ್ಯ ಬಳಕೆದಾರನಾಗಿ ತಮ್ಮನ್ನು ಮನಸಾರೆ ಅಭಿನಂದಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೀಗ ರಿಪೇರಿಯವನು. ಪೇಟೆಯ ಹಿಂದಿನ ಓಣಿಯಲ್ಲಿ, ಔಷಧದಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದಷ್ಟು ವಿಶಾಲವಾದ ಅಂಗಡಿ ನನ್ನದು. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು, ಮೇಜಿನ ಮೇಲೊಂದು ಕೊರೆಯುವ ಯಂತ್ರ, ಅದರ ಸುತ್ತ ಎಷ್ಟು ಒರೆಸಿದರೂ ಹೋಗದ ಹಿತ್ತಾಳೆಯ ಪುಡಿ. ಕೀಲಿಯನ್ನು ಒಳಗೇ ಮರೆತು ಬಾಗಿಲೆಳೆದುಕೊಂಡವರು ಕರೆದರೆ ಚೀಲ ಹೆಗಲಿಗೇರಿಸಿ ಹೊರಡುತ್ತೇನೆ. ಆದ್ದರಿಂದ ತಮ್ಮ ವೃತ್ತಿಯ ಒಳಗುಟ್ಟು ನನಗೂ ಅಷ್ಟಿಷ್ಟು ತಿಳಿಯುತ್ತದೆ: ನನ್ನ ಗಿರಾಕಿಯೂ ತಮ್ಮ ಗಿರಾಕಿಯ ಹಾಗೆ ಬೇರೆ ದಾರಿಯಿಲ್ಲದೆ ನಿಂತಿರುತ್ತಾನೆ.

ಇನ್ನು ನನ್ನ ಹೆಂಡತಿಯನ್ನು ತಮಗೆ ಪರಿಚಯಿಸುವ ಅಗತ್ಯವಿಲ್ಲ. ಅವಳ ವಯಸ್ಸು, ಅವಳು ವಿಡಿಯೊ ನೋಡುವ ಹೊತ್ತು, ಅವಳ ಬೆರಳು ತಡವರಿಸುವ ಜಾಗ ಎಲ್ಲವೂ ತಮ್ಮ ಯಂತ್ರಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಗೊತ್ತಿಲ್ಲದಿರುವುದನ್ನಷ್ಟೇ ಹೇಳುತ್ತೇನೆ. ಅವಳು ಪರದೆ ಬಟ್ಟೆಯ ಅಂಗಡಿಯಲ್ಲಿ ಮಾರಾಟಗಾರ್ತಿಯಾಗಿದ್ದಳು. ಕಿಟಕಿಯ ಅಳತೆ ಹೇಳಿದರೆ ಸಾಕು, ಆ ಕೋಣೆಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆಂದು ಎದುರು ಪ್ರಶ್ನೆ ಕೇಳುತ್ತಿದ್ದಳು. ಗಿರಾಕಿಗಳು ಅವಳನ್ನು ಪರದೆ ಅಕ್ಕ ಎನ್ನುತ್ತಿದ್ದರು. ಮನೆಯಲ್ಲಿ ಅವಳ ಮಾತಿಗೆ ತಡೆಯಿರಲಿಲ್ಲ, ಆದರೆ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳೆಂದರೆ ತುಟಿ ಎರಡು ಮಾಡುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಅವರು ಮನಸ್ಸಲ್ಲೇ ಅದನ್ನ ತಮ್ಮ ಕಿಟಕಿಗೆ ಹಾಕಿ ನೋಡ್ತಿರ್ತಾರೆ ರೀ, ಆಗ ನಾವು ಬಾಯಿ ಹಾಕಿದ್ರೆ ಪರದೆ ಅಲ್ಲೇ ಕಳಚಿ ಬೀಳುತ್ತೆ" ಎಂದಿದ್ದಳು. ಮಾರುವುದಕ್ಕೂ ಕೊಳ್ಳುವವರ ಮೇಲೆ ಬೀಳುವುದಕ್ಕೂ ಇರುವ ಅಂತರ ಇದು. ತಮ್ಮಂಥ ದೊಡ್ಡ ಸಂಸ್ಥೆಗೆ ಇಂಥ ಸಣ್ಣ ಅಂಗಡಿಯ ವಿಚಾರಗಳು ಬೇಸರ ತರಿಸಿದ್ದರೆ ಕ್ಷಮಿಸಬೇಕು.

ಹೋದ ವರ್ಷ ಒಂದು ಬೆಳಿಗ್ಗೆ ಬಟ್ಟೆ ಅಳೆಯುತ್ತಿದ್ದವಳ ಬಲಗೈಯಿಂದ ಅಳತೆಪಟ್ಟಿ ಜಾರಿಬಿತ್ತು. ಏನಾಯಿತೆಂದು ಕೇಳಿದ ಮಾಲೀಕರಿಗೆ ಉತ್ತರ ಹೇಳಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಪಾರ್ಶ್ವವಾಯು ಎಂದರು ಡಾಕ್ಟರು. ಕೈಕಾಲು ನಿಧಾನವಾಗಿ ತಕ್ಕಮಟ್ಟಿಗೆ ಸ್ವಾಧೀನಕ್ಕೆ ಬಂದವು, ಮಾತು ಮಾತ್ರ ಬರಲಿಲ್ಲ. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕಾದದ್ದೂ ತಲೆಯಲ್ಲಿದೆ, ಆದರೆ ಅಲ್ಲಿಂದ ನಾಲಿಗೆಗೆ ಬರುವ ದಾರಿ ಕಡಿದಿದೆ ಎಂದು ನಮಗೆ ಬಿಡಿಸಿ ಹೇಳಿದವರು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. ನಮ್ಮ ಮನೆಯಲ್ಲಿ ಅವರನ್ನು ಟೀಚರಮ್ಮ ಎನ್ನುತ್ತೇವೆ. "ಮೊದಲನೇ ವರ್ಷ ಕೈಬಿಡಬಾರದು ಸರ್. ದಿನಾ ಹೇಳಿಸ್ಬೇಕು. ಈಗ ಬಂದಷ್ಟು ಮಾತು ಆಮೇಲೆ ಬರೋದು ಕಷ್ಟ" ಎಂದು ಅವರು ಹೇಳಿದ್ದನ್ನು ನಾನೂ ನನ್ನ ಮಗಳೂ ಮನಸ್ಸಿಗೆ ಹಚ್ಚಿಕೊಂಡೆವು. ನನ್ನ ಹೆಂಡತಿ ಇನ್ನು ಮಾತಾಡುತ್ತಾಳೋ ಇಲ್ಲವೋ ಎಂಬುದು ಆ ಒಂದು ವರ್ಷದ ಮೇಲೆ ನಿಂತಿತ್ತು. ಅಷ್ಟು ಹೇಳಿ ಮುಗಿಸಿದ ಮೇಲೆ ಟೀಚರಮ್ಮ ನಮ್ಮನ್ನು, ಮಾನ್ಯರೇ, ತಮ್ಮ ವಶಕ್ಕೆ ಒಪ್ಪಿಸಿದರು.

ಒಪ್ಪಿಸಿದರು ಎಂದರೆ, ರೋಗಿಗಳು ಮನೆಯಲ್ಲೇ ಅಭ್ಯಾಸ ಮಾಡಲೆಂದು ಅವರು ಮಾಡಿ ಇಟ್ಟಿದ್ದ ಪಾಠಗಳೆಲ್ಲ ತಮ್ಮ ಘನ ತಾಣದಲ್ಲಿದ್ದವು. ಪಾಠದ ಕ್ರಮ ಬಹಳ ಸರಳ. ಟೀಚರಮ್ಮ ಫೋನಿನ ಪರದೆಯ ಮೇಲೆ ಬಂದು ಒಂದು ವಾಕ್ಯ ಹೇಳುತ್ತಾರೆ: ನನಗೆ ನೀರು ಬೇಕು. ಹೇಳಿ ಸುಮ್ಮನಾಗುತ್ತಾರೆ. ಹುಬ್ಬನ್ನು ಕೊಂಚ ಮೇಲೆತ್ತಿ, ನೇರವಾಗಿ ನಮ್ಮ ಕಡೆ ನೋಡುತ್ತಾ ಕಾಯುತ್ತಾರೆ. ಆ ಮೌನವೇ ಪಾಠ, ಮಾನ್ಯರೇ. ಅದು ರೋಗಿಯ ಪಾಲಿನ ಜಾಗ. ಅಷ್ಟು ಹೊತ್ತಿನಲ್ಲಿ ಅವರು ತಿಣುಕಾಡಿ, ತಡವರಿಸಿ, ಒಂದು ಅಕ್ಷರವನ್ನಾದರೂ ಹೊರಗೆ ತರಬೇಕು. ಟೀಚರಮ್ಮನ ವಿದ್ಯೆಯೆಲ್ಲ ಎಷ್ಟು ಹೊತ್ತು ಸುಮ್ಮನಿರಬೇಕೆಂದು ತಿಳಿದಿರುವುದರಲ್ಲಿತ್ತು.

ತಮ್ಮ ಯಂತ್ರದ ಬುದ್ಧಿಗೆ ನಾನು ತಲೆದೂಗಬೇಕಾದದ್ದು ಇಲ್ಲಿ. ಮಾತಿನ ನಡುವೆ ಜಾಹೀರಾತು ತುರುಕಿದರೆ ಬಳಕೆದಾರರಿಗೆ ಬೇಸರವಾದೀತೆಂದು, ಅವರ ಸಂತೋಷವೇ ತಮ್ಮ ಉಸಿರಾಗಿರುವುದರಿಂದ, ಯಾರೂ ಮಾತಾಡದ ಜಾಗಗಳನ್ನು ಹುಡುಕಿ ಅಲ್ಲಿ ಮಾತ್ರ ಜಾಹೀರಾತು ಇಡುವಂತೆ ತಾವು ಅದಕ್ಕೆ ಕಲಿಸಿದ್ದೀರಿ. ಎಂಥ ಸೂಕ್ಷ್ಮ, ಎಂಥ ದಾಕ್ಷಿಣ್ಯ. ಬೇರೆ ವಿಡಿಯೊಗಳಲ್ಲಿ ಅಂಥ ಜಾಗ ಅಲ್ಲೊಂದು ಇಲ್ಲೊಂದು ಸಿಕ್ಕರೆ ಟೀಚರಮ್ಮನ ಪಾಠದಲ್ಲಿ ಪ್ರತಿ ವಾಕ್ಯದ ಮುಂದೆಯೂ ಒಂದು ತಯಾರಾಗಿ ಕೂತಿತ್ತು. ನಾನು ಫೋನ್ ಮಾಡಿ ತಕರಾರು ತೆಗೆದಾಗ ಅವರು ಬಹಳ ನೊಂದುಕೊಂಡರು. "ನಾನು ಹಾಕಿಸಿದ್ದಲ್ಲ ಸರ್. ಎಲ್ಲಿ ಬರ್ಬೇಕು ಅಂತ ಅದೇ ನೋಡ್ಕೊಳ್ಳುತ್ತೆ. ನಾನು ಸುಮ್ಮನಾದ ಕಡೆಯೆಲ್ಲ ಅದಕ್ಕೆ ಖಾಲಿ ಸೈಟು ಕಂಡ ಹಾಗೆ ಆಗ್ಬಿಟ್ಟಿದೆ" ಎಂದರು. ತೆಗೆಸಿಬಿಡಿ ಎಂದೆ. ತೆಗೆಸಲು ಕೇಳಿದ ಮೇಲೆ ಪಾಠಗಳು ಹುಡುಕಿದವರಿಗೆ ಸಿಗುವುದೇ ನಿಂತುಹೋಯಿತೆಂದೂ, ಬೇರೆ ಊರಿನ ರೋಗಿಗಳ ಮುಖ ನೋಡಿ ಮತ್ತೆ ಒಪ್ಪಿಕೊಳ್ಳಬೇಕಾಯಿತೆಂದೂ ಅವರು ಹೇಳಿದರು.

ಹೀಗಾಗಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಪ್ರತಿದಿನ ನಡೆದದ್ದೇನೆಂದರೆ, ಟೀಚರಮ್ಮ "ನನಗೆ ನೀರು ಬೇಕು" ಎನ್ನುತ್ತಿದ್ದರು, ನನ್ನ ಹೆಂಡತಿ ಉಸಿರೆಳೆದು ತುಟಿ ಜೋಡಿಸುತ್ತಿದ್ದಳು, ಅಷ್ಟರಲ್ಲಿ ಬಿಳಿ ಹಲ್ಲಿನ ಯುವಕನೊಬ್ಬ ಹಾಸಿಗೆಯ ಮೇಲೆ ಹಾರಿ ಬಿದ್ದು "ಬೆನ್ನುನೋವಿಗೆ ಹೇಳಿ ಗುಡ್‌ಬೈ" ಎನ್ನುತ್ತಿದ್ದ. ನನ್ನ ಹೆಂಡತಿ ವಿಧೇಯ ವಿದ್ಯಾರ್ಥಿನಿ. ಕೇಳಿದ್ದನ್ನು ಹೇಳು ಎಂದಿದ್ದಾರೆ, ಕೊನೆಗೆ ಕೇಳಿದ್ದನ್ನು ಹೇಳಬೇಕು. ತಿಂಗಳುಗಟ್ಟಲೆ ಒಂದಕ್ಷರ ಹೊರಡದ ಬಾಯಿಂದ ಒಂದು ದಿನ, ಒಂದೂ ತೊದಲಿಲ್ಲದೆ, ಪೂರ್ತಿ ವಾಕ್ಯ ಬಂತು. ಬೆನ್ನುನೋವಿಗೆ ಹೇಳಿ ಗುಡ್‌ಬೈ. ಅಡುಗೆಮನೆಯಲ್ಲಿದ್ದ ಮಗಳು ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಬಿಟ್ಟು ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ನಾನು ನಗುತ್ತಲೇ ಅತ್ತೆ. ಆ ದಿನ ತಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಸಿಟ್ಟು ಬಂದದ್ದು ಆಮೇಲೆ. ಅವಳಿಗೆ ಮಾತು ಬಂತು, ಆದರೆ ಬಂದದ್ದೆಲ್ಲ ತಮ್ಮ ಸರಕು. ಬಾಯಾರಿದರೆ ಬೆನ್ನುನೋವಿಗೆ ಗುಡ್‌ಬೈ ಹೇಳುತ್ತಿದ್ದಳು. ಬಾತ್‌ರೂಮಿಗೆ ಹೋಗಬೇಕಾದಾಗ "ಈಗಲೇ ಡೌನ್‌ಲೋಡ್ ಮಾಡಿ" ಎನ್ನುತ್ತಿದ್ದಳು, ಮತ್ತು ನಾವು ತಡಮಾಡಿದರೆ ದನಿ ಏರುತ್ತಿತ್ತು. ಕೈ ಸೆಳೆತ ಬಂದಾಗ "ಷರತ್ತುಗಳು ಅನ್ವಯಿಸುತ್ತವೆ" ಎಂದು ಹಲ್ಲು ಕಚ್ಚುತ್ತಿದ್ದಳು. ಒಂದೊಂದು ಜಾಹೀರಾತಿಗೂ ಒಂದೊಂದು ಅರ್ಥ ಕಟ್ಟಿಕೊಂಡು ನಾನೂ ಮಗಳೂ ಸಂಸಾರ ಸಾಗಿಸಿದೆವು. ತಾನು ಹೇಳಿದ್ದು ತಾನು ಹೇಳಬೇಕೆಂದಿದ್ದಲ್ಲ ಎಂಬುದು ಅವಳಿಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ಹೇಳಿದ ಕೂಡಲೇ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು.

ಅವಳ ಅಕ್ಕ ನೋಡಲು ಬಂದ ದಿನದ ಸಂಗತಿಯನ್ನು ತಾವು ತಮ್ಮ ಯಶಸ್ಸಿನ ಕತೆಗಳ ಪುಟದಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು. ಆಕೆ ಪ್ರಯಾಣದ ಬಟ್ಟೆಯಲ್ಲೇ ಮಂಚದ ಅಂಚಿಗೆ ಕೂತು, ತಂಗಿಯ ಕೈಯನ್ನು ತನ್ನೆರಡು ಕೈಯಲ್ಲಿಟ್ಟುಕೊಂಡು, "ನಾನ್ಯಾರು ಹೇಳು ನೋಡೋಣ, ಒಂದ್ಸಲ ಅಕ್ಕಾ ಅನ್ನು" ಎಂದು ಕೇಳಿಕೊಂಡಳು. ನನ್ನ ಹೆಂಡತಿ ಅಕ್ಕನ ಮುಖವನ್ನೇ ನೋಡಿದಳು. ತುಟಿ ನಡುಗಿತು. ಕೊನೆಗೆ ಸ್ಪಷ್ಟವಾಗಿ, ಪ್ರೀತಿಯಿಂದ, "ಈ ಕೊಡುಗೆ ಸೀಮಿತ ಅವಧಿಗೆ ಮಾತ್ರ" ಎಂದಳು. ಅಕ್ಕನ ವಯಸ್ಸು ಎಪ್ಪತ್ತು ದಾಟಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅದೂ ನಿಜಾನೇ ಬಿಡು" ಎಂದು ಎದ್ದು ಕೈಕಾಲು ತೊಳೆಯಲು ಹೋದಳು.

ಅಂದು ಸಂಜೆಯೇ ನಾನು ತಮ್ಮ ಸಹಾಯ ವಿಭಾಗಕ್ಕೆ ದೂರು ಕೊಟ್ಟೆ. ಅಲ್ಲಿ ನಗುಮುಖದ ಗೊಂಬೆಯೊಂದು ಕ್ಷಣಮಾತ್ರದಲ್ಲಿ ಪ್ರತ್ಯಕ್ಷವಾಗಿ, ನನ್ನ ಸಂತೋಷ ತನಗೆ ಬಹಳ ಮುಖ್ಯವೆಂದು ತಿಳಿಸಿತು. ವಿಷಯವನ್ನು ವಿವರವಾಗಿ ಬರೆದೆ. ಜಾಹೀರಾತು ಕಾಣದಿದ್ದರೆ ಇಂಟರ್‌ನೆಟ್ ಪರೀಕ್ಷಿಸಿ ಎಂದು ಉತ್ತರಿಸಿತು. ಕಾಣುವುದೇ ತೊಂದರೆ ಎಂದು ಬರೆದೆ. ಹಾಗಾದರೆ ಸಂಸ್ಥೆಯ ಚಿನ್ನದ ಸದಸ್ಯತ್ವವಿದೆ, ಅದನ್ನು ಕೊಂಡವರ ಕಣ್ಣಿಗೆ ಜಾಹೀರಾತು ಬೀಳುವುದಿಲ್ಲ ಎಂದಿತು. ಬೀದಿಯಲ್ಲಿ ಕಲ್ಲು ಹೊಡೆಯುವವನೇ ಮುಂದಿನ ತಿರುವಿನಲ್ಲಿ ಕೊಡೆ ಮಾರುವ ಈ ಏರ್ಪಾಟಿಗೆ ಸಮತೋಲನ ಎಂಬ ಹೆಸರಿಟ್ಟವರು ಯಾರೋ, ಅವರಿಗೆ ಸಂಬಳ ಹೆಚ್ಚಿಸಬೇಕೆಂದು ಶಿಫಾರಸು ಮಾಡುತ್ತೇನೆ. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಮಗಳು, ಅಪ್ಪನ ಗೊಣಗಾಟ ಕೇಳಲಾರದೆ, ಸದಸ್ಯತ್ವ ಕೊಂಡಳು.

ಜಾಹೀರಾತುಗಳು ಹೋದವು. ಅವುಗಳ ಜೊತೆಗೆ ನನ್ನ ಹೆಂಡತಿಯ ಮಾತೂ ಹೋಯಿತು. ಟೀಚರಮ್ಮ ವಾಕ್ಯ ಹೇಳಿ ಸುಮ್ಮನಾದರೆ ಇವಳೂ ಸುಮ್ಮನಾಗಿ ಪರದೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಆ ಜಾಗ ತನ್ನದೆಂಬುದೇ ಅವಳಿಗೆ ಮರೆತುಹೋಗಿತ್ತು. ಅಲ್ಲಿ ಬೇರೆ ಯಾರೋ ಬಂದು ಮಾತಾಡುತ್ತಾರೆ, ಬಂದ ಮೇಲೆ ಅವರು ಹೇಳಿದ್ದನ್ನು ಹೇಳಿದರಾಯಿತು ಎಂದು ಕಾಯುವುದನ್ನು ತಾವು ಅಷ್ಟು ಚೆನ್ನಾಗಿ ಕಲಿಸಿಕೊಟ್ಟಿದ್ದಿರಿ. ವರ್ಷ ಮುಗಿಯುತ್ತಾ ಬಂದಿತ್ತು. ಅಂಗಡಿಯಲ್ಲಿ ಒಬ್ಬರ ಕೀಲಿಗೆ ಇನ್ನೊಬ್ಬರ ಕೀಲಿಯ ಹಲ್ಲು ಕೊರೆದು ಎರಡು ಮೂರು ಕೀಲಿಗಳನ್ನು ಕೆಡಿಸಿದೆ. ನನಗೆ ಭಯವಾಗಿತ್ತು, ಅದನ್ನು ಮಗಳ ಮುಂದೆ ಹೇಳಲೂ ಭಯವಾಗಿತ್ತು.

ಭಯದಲ್ಲಿ ಮನುಷ್ಯ ಏನೇನೋ ಯೋಚಿಸುತ್ತಾನೆ. ಜಾಹೀರಾತು ಹೇಳಿದ್ದನ್ನೆಲ್ಲ ಇವಳು ಹೇಳುತ್ತಾಳೆಂದಾದರೆ ನಾನೇ ಒಂದು ಜಾಹೀರಾತು ಯಾಕೆ ಕೊಡಬಾರದು ಎಂದು ನನಗೆ ಹೊಳೆಯಿತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಫೋನನ್ನು ಕೊರೆಯುವ ಯಂತ್ರಕ್ಕೆ ಒರಗಿಸಿ, ನನಗೆ ನೀರು ಬೇಕು ಎಂದು ಹೇಳಿ ರೆಕಾರ್ಡ್ ಮಾಡಿ ತಮಗೆ ಕಳುಹಿಸಿದೆ. ತಾವು ಅದನ್ನು ತಿರಸ್ಕರಿಸಿದಿರಿ. ಈ ಜಾಹೀರಾತು ಏನನ್ನೂ ಮಾರುತ್ತಿಲ್ಲವಾದ್ದರಿಂದ ಬಳಕೆದಾರರಿಗೆ ಗೊಂದಲವಾಗಿ ಅವರ ಸಂತೋಷಕ್ಕೆ ಧಕ್ಕೆಯಾದೀತು ಎಂಬ ಕಾರಣವನ್ನೂ ತಿಳಿಸಿದಿರಿ. ನ್ಯಾಯವೇ. ಮಾರದೆ ಸುಮ್ಮನೆ ಮಾತಾಡುವವರು ಹೆಚ್ಚಾದರೆ ಲೋಕ ಎಲ್ಲಿಗೆ ಮುಟ್ಟೀತು. ಹಾಗಾಗಿ ಎರಡನೆಯ ಸಲ, ಒಂದು ದೊಡ್ಡ ಬೀಗವನ್ನು ಎದೆಗೆ ಹಿಡಿದುಕೊಂಡು, ಬೀಗ ರಿಪೇರಿಗೆ ನಮ್ಮನ್ನು ಸಂಪರ್ಕಿಸಿ, ನನಗೆ ನೀರು ಬೇಕು ಎಂದು ಹೇಳಿದೆ. ತಕ್ಷಣ ಒಪ್ಪಿಗೆ ಸಿಕ್ಕಿತು.

ಅದನ್ನು ತಾವು ಊರಿಗೆಲ್ಲ ತೋರಿಸಿದಿರಿ. ಔಷಧದಂಗಡಿಯವನು ನೋಡಿ, ಚೊಂಬಿನಲ್ಲಿ ನೀರು ತಂದುಕೊಟ್ಟು, "ಬಾಯಿಬಿಟ್ಟು ಕೇಳಿದ್ರೆ ನಾವು ಕೊಡ್ತಿರ್ಲಿಲ್ವಾ ಮಾರಾಯ್ರೆ, ಜಾಹೀರಾತು ಯಾಕೆ ಕೊಡೋಕೆ ಹೋದ್ರಿ" ಎಂದ. ನೀರಿನ ಟ್ಯಾಂಕರಿನವರು ನಾಲ್ಕು ಕಡೆಯಿಂದ ಫೋನ್ ಮಾಡಿ ಎಷ್ಟು ಲೋಡು ಬೇಕೆಂದು ಕೇಳಿದರು. ಬಾವಿ ಕೊರೆಯುವವನೊಬ್ಬ ಯಂತ್ರ ಸಮೇತ ಬಂದು ಓಣಿಯ ಬಾಯಲ್ಲಿ ನಿಂತ. ಇಡೀ ಪೇಟೆಯಲ್ಲಿ ಆ ಜಾಹೀರಾತು ಕಾಣದೆ ಉಳಿದವಳು ನನ್ನ ಹೆಂಡತಿ ಒಬ್ಬಳೇ, ಏಕೆಂದರೆ ಅವಳು ಚಿನ್ನದ ಸದಸ್ಯೆ. ನಗುಮುಖದ ಗೊಂಬೆಯಲ್ಲಿ ವಿಚಾರಿಸಿದೆ. ಅವಳ ಕಣ್ಣಿಗೆ ಅದು ಬೀಳಬೇಕಾದರೆ ಅವಳ ಸದಸ್ಯತ್ವ ರದ್ದು ಮಾಡಬೇಕು, ಮಾಡಿದರೆ ಹಾಸಿಗೆಯವನು ತಾನಾಗಿ ವಾಪಸಾಗುತ್ತಾನೆ, ಎರಡರಲ್ಲಿ ಯಾವುದು ನಮಗೆ ಹೆಚ್ಚು ಸಂತೋಷ ಕೊಡುತ್ತದೋ ಅದನ್ನು ಆರಿಸಿಕೊಳ್ಳುವ ಸಂಪೂರ್ಣ ಸ್ವಾತಂತ್ರ್ಯ ನಮಗಿದೆ ಎಂದಿತು. ಇಷ್ಟು ಸ್ವಾತಂತ್ರ್ಯವನ್ನು ನಮ್ಮ ಕೈಗಿಟ್ಟಿದ್ದಕ್ಕೆ ತಮಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯದು.

ತಮ್ಮ ವಿಧಾನದಿಂದ ಪ್ರಭಾವಿತನಾಗಿ ನನ್ನ ಅಂಗಡಿಯನ್ನೂ ಹೀಗೆ ನಡೆಸಿದರೆ ಹೇಗೆಂದು ಹಲವು ದಿನ ಯೋಚಿಸಿದ್ದೇನೆ. ಮನೆಯೊಳಗೆ ಒಲೆಯ ಮೇಲೆ ಹಾಲಿಟ್ಟು, ತೊಟ್ಟಿಲಲ್ಲಿ ಕೂಸು ಬಿಟ್ಟು, ಕಸ ಹಾಕಲೆಂದು ಹೊರಗೆ ಬಂದವರ ಹಿಂದೆ ಬಾಗಿಲು ಹಾಕಿಕೊಂಡಿರುತ್ತದೆ. ಅಂಥವರು ಕರೆದಾಗ ನಾನು ಹೋಗಿ ಬೀಗವನ್ನು ಅರ್ಧ ತಿರುಗಿಸಿ, ಕೈ ಒರೆಸಿಕೊಂಡು, ಔಷಧದಂಗಡಿಯವನ ಕೆಮ್ಮಿನ ಸಿರಪ್ಪಿನ ಗುಣಗಾನ ಮಾಡಬೇಕು. ಹಾಲು ಉಕ್ಕಿದ ವಾಸನೆ ಬಂದಾಗ ಚಪ್ಪಲಿ ಅಂಗಡಿಯವನ ಹೊಸ ಮಾಲಿನ ವಿಷಯ ತೆಗೆಯಬೇಕು. ಕೂಸು ಅಳಲು ಶುರುಮಾಡಿದರೆ ನನ್ನ ಚಿನ್ನದ ಸೇವೆಯನ್ನು ಪರಿಚಯಿಸಬೇಕು. ಬಾಗಿಲು ತೆರೆದ ಮೇಲೆ, ಒಳಗೆ ಓಡಿದವರ ಬೆನ್ನು ಬಿಡದೆ ಹೋಗಿ, ಈ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಬೇಕು. ಹಾಗೆ ಮಾಡಿದರೆ ನನ್ನ ಓಣಿಯ ಜನ ನನ್ನನ್ನು ಹಿಡಿದು ಏನು ಮಾಡುತ್ತಾರೆಂಬುದನ್ನು ಪತ್ರದ ಮರ್ಯಾದೆ ಕಾಯುವ ದೃಷ್ಟಿಯಿಂದ ಇಲ್ಲಿ ಬರೆಯುವುದಿಲ್ಲ. ತಮ್ಮ ಪುಣ್ಯ, ತಾವು ಯಾವ ಓಣಿಯಲ್ಲೂ ಇಲ್ಲ.

ಆದರೂ ತಮ್ಮ ಸನ್ನಿಧಿಯಲ್ಲಿ ಕೆಲವು ಕೋರಿಕೆಗಳನ್ನು ಇಡುವ ಧೈರ್ಯ ಮಾಡುತ್ತೇನೆ. ತಮ್ಮ ಯಂತ್ರವನ್ನು ದಯಮಾಡಿ ಒಂದು ವಾರದ ಮಟ್ಟಿಗೆ ಪರದೆ ಬಟ್ಟೆಯ ಅಂಗಡಿಗೆ ಕಳುಹಿಸಿಕೊಡಿ. ಅಲ್ಲಿನ ಸ್ಟೂಲಿನ ಮೇಲೆ ಕೂತು, ಬಟ್ಟೆ ನೋಡುತ್ತಾ ನಿಂತವರ ಮುಂದೆ ಬಾಯಿ ಮುಚ್ಚಿಕೊಂಡಿರುವುದನ್ನು ಅದು ಕಲಿಯಲಿ, ಚಹಾದ ಖರ್ಚು ನನ್ನದು. ತಾವು ಮನೆಯಲ್ಲಿ ಯಾರೊಡನಾದರೂ ಮನಸ್ಸು ಬಿಚ್ಚಿ ಮಾತಾಡುವ ಹೊತ್ತಿನಲ್ಲಿ, ತಾವು ಉಸಿರೆಳೆದುಕೊಳ್ಳುವ ಪ್ರತಿ ಜಾಗದಲ್ಲಿ ನನ್ನ ಬೀಗಗಳ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಅಪ್ಪಣೆ ಕೊಡಿ. ಬೇಡವೆನಿಸಿದರೆ ತಾವು ಸದಸ್ಯತ್ವ ಪಡೆಯಬಹುದು. ಲೋಕದಲ್ಲಿ ಇನ್ನೂ ಖಾಲಿ ಉಳಿದಿರುವ ಮೌನಗಳು ಎಲ್ಲೆಲ್ಲಿವೆ ಎಂದು ಒಂದು ನಕ್ಷೆ ಮಾಡಿಸಿ ಪ್ರಕಟಿಸಿದರೆ ನಮ್ಮಂಥವರು ತಾವು ತಲುಪುವ ಮೊದಲೇ ಅಲ್ಲಿಗೆ ಹೋಗಿ ಒಂದಿಷ್ಟು ಹೊತ್ತು ಕೂತು ಬರಬಹುದು.

ಇಷ್ಟಕ್ಕೇ ಪತ್ರ ಮುಗಿಸುವವನಿದ್ದೆ, ಆದರೆ ಹೋದ ತಿಂಗಳು ನಡೆದದ್ದನ್ನು ಹೇಳದಿದ್ದರೆ ತಮಗೆ ಅನ್ಯಾಯ ಮಾಡಿದಂತಾಗುತ್ತದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ತಟ್ಟೆ ಪಕ್ಕಕ್ಕೆ ಸರಿಸಿ, ಎಂದಿನಂತೆ ಪಾಠ ಹಚ್ಚಿ, ಅವಳ ಎದುರು ಫೋನ್ ನಿಲ್ಲಿಸಿದೆ. ಟೀಚರಮ್ಮ ಒಂದು ವಾಕ್ಯ ಹೇಳಿ ಹುಬ್ಬೆತ್ತಿ ಕಾದರು. ಇವಳು ಕಾದಳು. ಚಿನ್ನದ ಸದಸ್ಯರಿಗೆ ಜಾಹೀರಾತು ತೋರಿಸುವುದಿಲ್ಲವೆಂಬ ಮಾತನ್ನು ಉಳಿಸಿಕೊಂಡೇ ತಾವು ಆ ಜಾಗಕ್ಕೆ ಒಂದು ಸಮೀಕ್ಷೆಯನ್ನು ಕಳುಹಿಸಿದಿರಿ. ಟೀಚರಮ್ಮನ ಮುಖವನ್ನು ಮುಚ್ಚಿ ಮೂರು ಹಳದಿ ಮುಖಗಳು ಬಂದವು, ಒಂದು ಅಳುತ್ತಿತ್ತು, ಒಂದು ಸುಮ್ಮನಿತ್ತು, ಒಂದು ನಗುತ್ತಿತ್ತು. ನಮ್ಮೊಂದಿಗೆ ನೀವು ಎಷ್ಟು ಸಂತೋಷವಾಗಿದ್ದೀರಿ ಎಂದು ಒಂದು ಹೆಣ್ಣುದನಿ ಕೇಳಿತು.

ಇವಳು ಅದನ್ನೂ ತಿರುಗಿ ಹೇಳುತ್ತಾಳೆಂದು ನಾನು ತಲೆ ತಗ್ಗಿಸಿಕೊಂಡೆ. ಅವಳು ಹೇಳಲಿಲ್ಲ. ಬಲಗೈಯನ್ನು, ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಾರದ ಕೈಯನ್ನು, ಮೇಜಿನ ಮೇಲೆ ಎಳೆದುಕೊಂಡು ತಂದು ಫೋನನ್ನು ಮಕಾಡೆ ಬೀಳಿಸಿದಳು. ಅದರ ಮೇಲೆ ಅಂಗೈಯಿಟ್ಟಳು.

"ಸಾಕು" ಎಂದಳು.

ಇದು ಯಾವ ಜಾಹೀರಾತಿನದು ಎಂದು ನಾನು ಹುಡುಕಿದೆ, ಮಾನ್ಯರೇ. ಹಾಸಿಗೆಯದಲ್ಲ, ಸಾಲದ್ದಲ್ಲ, ಕೂದಲೆಣ್ಣೆಯದಲ್ಲ. ನನಗೆ ಬಾಯಿಪಾಠವಾಗಿರುವ ತಮ್ಮ ಅಷ್ಟೂ ಜಾಹೀರಾತುಗಳನ್ನು ಮನಸ್ಸಿನಲ್ಲಿ ತಿರುವಿಹಾಕಿದರೂ ಆ ಮಾತು ಸಿಗಲಿಲ್ಲ. ಅಂಥದೊಂದು ಮಾತು ತಮ್ಮ ಉಗ್ರಾಣದಲ್ಲಿ ಇಲ್ಲವೇ ಇಲ್ಲ. ಅದು ಅವಳದು. ಎಲ್ಲಿಂದ ತಂದಳೋ, ಯಾವ ದಾರಿಯಲ್ಲಿ ತಂದಳೋ, ಅವಳೇ ಹೋಗಿ ತಂದದ್ದು.

ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಅಕ್ಷರವನ್ನು ಎತ್ತಿಡುವಂತೆ, "ನೀವ್... ಹೇಳಿ" ಎಂದಳು.

ಮನೆಯ ಮಾತನ್ನೆಲ್ಲ ಅವಳೇ ಆಡುತ್ತಿದ್ದುದರಿಂದ ನನಗೆ ಹೇಳಿ ಅಭ್ಯಾಸವಿರಲಿಲ್ಲ. ಬೆಳಿಗ್ಗೆಯ ಕೆಲಸದ ವಿಷಯ ಹೇಳಿದೆ. "ಒಬ್ಬಮ್ಮ ಫೋನ್ ಮಾಡಿದ್ಲು. ಗಂಡ ಬಾತ್‌ರೂಮಲ್ಲಿ ಸಿಕ್ಕಿಹಾಕ್ಕೊಂಡಿದಾನೆ, ಚಿಲಕ ಬರ್ತಿಲ್ಲ, ಬೇಗ ಬನ್ನಿ ಅಂತ ಅಳ್ತಾ ಇದ್ಲು. ಓಡ್ಹೋದೆ. ಚಿಲಕ ಬಿಚ್ಚಿ ಬಾಗಿಲು ತೆಗೆದ್ರೆ ಆ ಮನುಷ್ಯ ಒಳಗೆ ಬಕೆಟ್ ಬೋರಲು ಹಾಕ್ಕೊಂಡು, ಕೂತು ಆರಾಮಾಗಿ ಪೇಪರ್ ಓದ್ತಿದಾನೆ" ಎಂದು ಹೇಳಿ ಉಸಿರೆಳೆದುಕೊಳ್ಳಲು ನಿಂತೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ಜಾಗಕ್ಕೆ ಯಾರೂ ಏನನ್ನೂ ಮಾರಲು ಬರಲಿಲ್ಲ. ಬಹಳ ಹೊತ್ತಾಯಿತು. ಅವಳ ತುಟಿಯ ಎಡಭಾಗ ಮೊದಲು ಅಲುಗಿತು, ಆಮೇಲೆ ಬಲಭಾಗ.

"ಆಮೇಲೆ?" ಎಂದಳು.

ನಾನು ಎದ್ದು ಲೋಟಕ್ಕೆ ನೀರು ಬಗ್ಗಿಸಿಕೊಂಡೆ. ಅವಳು ಹುಬ್ಬೆತ್ತಿಕೊಂಡು ಕಾದಳು.

ಈಗ ದಿನಾ ಮಧ್ಯಾಹ್ನ ನಮ್ಮಲ್ಲಿ ಹೀಗೆಯೇ ನಡೆಯುತ್ತದೆ. ತಪ್ಪು ಬರುತ್ತದೆ, ಬೇಕಾದ ಮಾತಿಗೆ ಬೇಡದ ಮಾತು ಬರುತ್ತದೆ, ಸಿಟ್ಟಿನಲ್ಲಿ ಲೋಟ ಎಸೆಯುವುದೂ ಉಂಟು. ಟೀಚರಮ್ಮ ವಾರಕ್ಕೊಮ್ಮೆ ಮನೆಗೇ ಬಂದು ಎದುರು ಕೂತು ಸುಮ್ಮನಿದ್ದು ಹೋಗುತ್ತಾರೆ. ನಿನ್ನೆ ನಾನು ಒಂದೇ ಕತೆಯನ್ನು ಎರಡನೆಯ ಸಲ ಹೇಳಲು ಹೊರಟಾಗ ನನ್ನ ಹೆಂಡತಿ "ಹಳೇದು" ಎಂದು ಮುಖ ತಿರುಗಿಸಿದಳು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ತಮ್ಮ ತಕ್ಕಡಿ ಸದಾ ತಮಗೆ ಬೇಕಾದ ಕಡೆಗೇ ತೂಗಲಿ ಎಂದು ಹಾರೈಸುತ್ತಾ, ಖಾತೆ ಅಳಿಸುವ ಗುಂಡಿಯನ್ನು ತಾವು ಎಲ್ಲಿ ಬಚ್ಚಿಟ್ಟಿದ್ದೀರೋ ಅದನ್ನು ಹುಡುಕಲು ಹೊರಟಿರುವ,

ತಮ್ಮ ವಿಶ್ವಾಸಿ,
ಬೀಗ ರಿಪೇರಿಯವನು

ಮರೆತ ಮಾತು: ಗುಂಡಿ ಸಿಕ್ಕಿತು. ಸದಸ್ಯತ್ವ ಬಿಡುತ್ತಿರುವುದಕ್ಕೆ ಕಾರಣ ತಿಳಿಸಿ ಎಂದು ತಮ್ಮ ನಗುಮುಖದ ಗೊಂಬೆ ಕೇಳಿತು. ನನ್ನ ಹೆಂಡತಿ ಮಾತಾಡುತ್ತಿದ್ದಾಳೆ ಎಂದು ಬರೆದೆ. ಕೂಡಲೇ ಉತ್ತರ ಬಂತು: "ಇದನ್ನು ತಿಳಿದು ನಮಗೆ ತುಂಬಾ ಬೇಸರವಾಗಿದೆ. ಪರಿಸ್ಥಿತಿ ಆದಷ್ಟು ಬೇಗ ಮೊದಲಿನಂತಾಗಲಿ ಎಂದು ಹಾರೈಸುತ್ತೇವೆ."